ಚಟ್ಟದ ಮೇಲೆ ನಾನಿದ್ದ ಹೋಳಿ

ಎರಡು ವರ್ಷದ ಹಿಂದಿನ ಹೋಳಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಟಗೇರಿಗೆ ಮರಳಿದ್ದೆ. ಬಣ್ಣದ ದಿನ ನಮ್ಮ ಓಣಿಯವರು ಕಾಮಣ್ಣನ ಅಣಕು ಶವಯಾತ್ರೆ ತೆಗೆಯುತ್ತಾರೆ. ಬದುಕಿರುವ ಒಬ್ಬನನ್ನು ಹೆಣ ಮಾಡಿ, ಬಿದಿರಿನ ಚಟ್ಟಕ್ಕೆ ಕಟ್ಟಿ, ಹಲಗೆ ಬಾರಿಸುತ್ತ ಊರು ಸುತ್ತುವುದು. ಆ ಸಲದ ಹೆಣ ನಾನು. ತೆಳ್ಳಗಿದ್ದೇನೆ, ಹೊರಲು ಹಗುರ ಎಂಬುದೊಂದೇ ಅರ್ಹತೆ.

ಗೆಳೆಯ ಬಸ್ಯಾ ನನ್ನ ಹೆಂಡತಿ. ಮೀಸೆ ಬೋಳಿಸದೆ ಇಳಕಲ್ ಸೀರೆ ಉಟ್ಟಿದ್ದ.

"ಅಯ್ಯೋ ನನ್ನ ರಾಜಾ, ಮೊಬೈಲಿನ ಲಾಕ್ ಹೇಳದ ಹೋದ್ಯಲ್ಲೋ!" ಎಂದು ಎದೆ ಬಡಿದುಕೊಂಡಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮುಖದ ಮೇಲೆ ಬಟ್ಟೆ, ಕೈಕಾಲಿಗೆ ಹಗ್ಗ. ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸ.

ಇಕ್ಕಟ್ಟಾದ ಓಣಿಯೊಂದರಲ್ಲಿ ಎದುರಿನಿಂದ ಇನ್ನೊಂದು ಹಲಗೆಯ ಸದ್ದು ಕೇಳಿಸಿತು. ಬೇರೆ ಓಣಿಯ ಮೇಳ ಎದುರಾದರೆ ಬೈದಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ತಿರುವಿನಾಚೆ ಯಾರಿದ್ದಾರೆಂದು ನೋಡುವ ಮೊದಲೇ ಬಸ್ಯಾ ಕೂಗಿದ: "ಏ, ನಿಮ್ಮ ಹೆಣ ನಗಾಕತ್ತೈತಲ್ಲಲೇ! ನಮ್ಮದು ನೋಡ್ರಿ, ಎಷ್ಟ ಚಂದ ಸತ್ತೈತಿ!"

ನಮ್ಮ ಹಲಗೆ ಒಮ್ಮೆಲೇ ನಿಂತಿತು. ಅವರದು ನಿಲ್ಲಲಿಲ್ಲ.

"ಬಾಯಿ ಮುಚ್ಚಲೇ ಬಸ್ಯಾ," ಎಂದು ನನ್ನನ್ನು ಹೊತ್ತವರಲ್ಲೊಬ್ಬ ಪಿಸುಗುಟ್ಟಿದ. "ಅದು ಖರೇನ ಹೆಣ."

"ಯಾರಲೇ ಅದು ಅಂದಾಂವ?" ಎಂದು ಯಾರೋ ಓಡಿ ಬಂದರು. ಬಸ್ಯಾನ ಸೀರೆ ಹರಿದ ಸದ್ದು. ಹೊಡೆತ ಬೀಳುತ್ತದೆ, ನನಗಂತೂ ಓಡಲಿಕ್ಕೂ ಆಗದು ಎಂದುಕೊಂಡೆ.

"ಹಿಂದಕ್ಕ ಸರೀರಿ," ಎಂದಿತು ಅವರ ಕಡೆಯ ಹಿರಿಯರೊಬ್ಬರ ದನಿ.

"ಹಿಂದ ಜನ ತುಂಬ್ಯಾರ್ರಿ ಕಾಕಾ, ಜಾಗಾ ಇಲ್ರಿ," ಎಂದ ನಮ್ಮವನೊಬ್ಬ.

ಮನೆ ಬಿಟ್ಟ ಹೆಣ ಹಿಂದಿರುಗಬಾರದು. ಅವರು ಹಿಂದೆ ಸರಿಯುವಂತಿರಲಿಲ್ಲ. ನಮ್ಮ ಚಟ್ಟವನ್ನೇ ಗೋಡೆಗೆ ನಿಲ್ಲಿಸಬೇಕು, ನಾನು ಏಳಬೇಕು. ಕೆಳಗಿಳಿಸಿ, ಬಟ್ಟೆ ತೆಗೆದು, ಗಂಟು ಬಿಚ್ಚಿದರು. "ಏಳೋ, ಜಲ್ದಿ ಏಳೋ!"

ಎದುರಿನ ಚಟ್ಟದ ಮೇಲೆ ನನ್ನ ವಯಸ್ಸಿನವನೇ ಇದ್ದ. ಪಕ್ಕದಲ್ಲಿ, ಇಬ್ಬರು ಹಿಡಿದುಕೊಂಡಿದ್ದ ಅವನ ತಾಯಿ. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಏಳಲಿಲ್ಲ. ಆ ಕಣ್ಣೆದುರು ಒಂದು ಹೆಣ ಎದ್ದು ನಿಲ್ಲುವುದು ಹೇಗೆ? ಕಣ್ಣು ಮುಚ್ಚಿಕೊಂಡುಬಿಟ್ಟೆ.

ಯಾರೋ ಹತ್ತಿರ ಬಂದರು. ಭುಜದ ಮೇಲೆ ಒಂದು ಕೈ ಬಿತ್ತು.

"ಏಳಪಾ," ಎಂದಳು ಆಕೆ. "ನೀನರ ಏಳು."

ಎದ್ದೆ. ಬಸ್ಯಾನ ಸೆರಗು ಹಿಡಿದವರು ಕೈಬಿಟ್ಟರು. ನಾವೆಲ್ಲ ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತೆವು. ಅವರು ಹೆಣದ ಮೇಲೆ ಎರಚುತ್ತ ಸಾಗಿದ ಚುರುಮರಿ ನಮ್ಮ ಬಣ್ಣದ ಬಟ್ಟೆಗಳ ಮೇಲೂ ಬಿತ್ತು.

ಬಸ್ಯಾ ಬೇರೆಯೇ ಹೇಳುತ್ತಾನೆ. ಆಕೆ ಮಾತೇ ಆಡಲಿಲ್ಲವಂತೆ, ಪಕ್ಕಕ್ಕೆ ಸರಿ ಎಂಬಂತೆ ಕೈ ಬೀಸಿದಳಂತೆ. ದಿನಚರಿ ಬರೆಯುವ ನಾನು ಅಂದು ಒಂದಕ್ಷರವೂ ಬರೆದಿಲ್ಲ. ನನ್ನ ಸಮಾಧಾನಕ್ಕಾಗಿ 'ನೀನಾದರೂ ಏಳು' ಎಂಬ ಆ ಮಾತನ್ನು ನಾನೇ ಆಕೆಯ ಬಾಯಲ್ಲಿ ಇಟ್ಟೆನೇ? ತಿಳಿಯದು. ಆದರೆ ಅಂದಿನಿಂದ ಎಚ್ಚರವಾದ ಮೇಲೂ ಹಾಸಿಗೆಯಲ್ಲಿ ಸುಮ್ಮನೆ ಬಿದ್ದುಕೊಳ್ಳುವುದು ನನ್ನಿಂದಾಗುವುದಿಲ್ಲ. ಕಣ್ಣು ಬಿಟ್ಟ ಕೂಡಲೇ ಎದ್ದು ಕೂರುತ್ತೇನೆ.