ಎಡಗಡೆ ಒಂದು ಬೆರಳು ಎತ್ತರ

...ಅಲ್ಲ, ಅವರು ಕೆಲಸ ಕೆಡಿಸಿದರು ಅಂತ ಬೀದಿಯವರು ಹೇಳುತ್ತಾರಲ್ಲ, ಆ ಮಾತಿಗೇ ನನಗೆ ಮೈ ಉರಿಯುವುದು. ಆ ಹಳೇ ಕಾರಿನ ವಿಷಯ ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಕಮಾನು ಚಿಕ್ಕಪ್ಪ ಅಂತ ಅವರ ಹೆಸರು. ಗ್ಯಾರೇಜಿನ ಯಜಮಾನ ಅವರ ಅಣ್ಣನ ಮಗ. ಅವನು ಚಿಕ್ಕಪ್ಪ ಅಂದದ್ದು ಬೀದಿಯವರ ಬಾಯಿಗೆಲ್ಲ ಅಂಟಿಕೊಂಡಿತು. ಹಳೇ ಕಾರುಗಳ ಹಿಂಭಾಗವನ್ನು ಹೊತ್ತು ನಿಲ್ಲುವ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಒಂದರ ಕೆಳಗೊಂದು ಆರೇಳು, ಅದೇ ಕಮಾನು. ಕಾಲ ಕಳೆದ ಹಾಗೆ ಅದು ಸೋತು ಕುಸಿಯುತ್ತದೆ, ಕಾರು ಹಿಂದಿನಿಂದ ಕೂತುಬಿಡುತ್ತದೆ. ಅದನ್ನು ಬಡಿದು ಮತ್ತೆ ಬಾಗಿಸಿ ಕಾರನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ ಚಿಕ್ಕಪ್ಪ ಎತ್ತಿದ ಕೈ. ಬೆಂಕಿ ಇಲ್ಲ, ಮಿಷನ್ನಿಲ್ಲ. ಹಿಂದಿನ ಶೆಡ್ಡಿನಲ್ಲಿ ಪಟ್ಟಿ ಇಟ್ಟು ಬಡಿಯಲು ಒಂದು ಅಡೆಗಲ್ಲು, ಒಂದು ಸುತ್ತಿಗೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಬಿಲ್ಲಿನಂಥ ಗೆರೆ. ಪಟ್ಟಿ ಆ ಗೆರೆಗೆ ಕೂರುವವರೆಗೂ ಬಡಿತ. ಜೋರಾಗಿ ಅಲ್ಲ, ಬಾಗಿಲು ತಟ್ಟಿದ ಹಾಗೆ, ಸಾವಿರ ಸಲ.

ಅವರದೊಂದು ಪದ್ಧತಿ ಇತ್ತು. ಖಾಲಿ ಕಾರನ್ನು ಅಳೆಯುತ್ತಿರಲಿಲ್ಲ. ಮೊದಲು ವಿಚಾರಿಸುವುದು, ಇದರಲ್ಲಿ ಯಾರು ಕೂರುತ್ತಾರೆ, ಯಾವ ಕಡೆ ಕೂರುತ್ತಾರೆ, ಆಳು ಎಷ್ಟು ತೂಕ ಅಂತ. ಕಾರು ಕಟ್ಟಿರುವುದು ನಿಲ್ಲಿಸುವುದಕ್ಕಲ್ಲ, ಕೂರುವುದಕ್ಕೆ ಅನ್ನುವುದು ಅವರ ವಾದ. ಜನ ಹತ್ತಿ ಕೂತಾಗ ಸಮವಾಗಿ ನಿಲ್ಲಬೇಕು, ಅಷ್ಟೇ.

ಅಣ್ಣ ತೀರಿಕೊಂಡ ಮೇಲೆ ಗ್ಯಾರೇಜು ಮಗನ ಕೈಗೆ ಬಂತು. ಅವನಿಗೆ ಹಿಂದಿನ ಶೆಡ್ಡು ಕಾರು ತೊಳೆಯುವ ಜಾಗ ಆಗಬೇಕಿತ್ತು. ಆದರೆ ಅವನ ತಾಯಿ, ಅಂದರೆ ಚಿಕ್ಕಪ್ಪನ ಅತ್ತಿಗೆ, ಒಂದೇ ಮಾತು ಹೇಳಿದ್ದರು: ಚಿಕ್ಕಪ್ಪನ ಕೆಲಸದಲ್ಲಿ ತಪ್ಪು ಸಿಗುವ ತನಕ ಆ ಅಡೆಗಲ್ಲು ಅಲ್ಲಾಡಕೂಡದು. ಮಗ ಹೂಂ ಅಂದ. ಚಿಕ್ಕಪ್ಪನೂ ನಕ್ಕರು. ಮೂವತ್ತೊಂದು ವರ್ಷದಲ್ಲಿ ಸಿಗದ ತಪ್ಪು ಈಗ ಎಲ್ಲಿಂದ ಬರುತ್ತದೆ?

ಆಗಲೇ ಮೇಷ್ಟ್ರ ಕಾರು ಬಂತು. ಮೇಷ್ಟ್ರು ಅಂದರೆ ಆನೆಮರಿಯಂಥ ಆಳು. ಅವರ ಮಗ ಓಡಿಸುವುದು, ಅವರು ಹಿಂದೆ ಎಡಗಡೆ ಕೂರುವುದು, ವರ್ಷಗಟ್ಟಲೆ ಹಾಗೇ. ಅದಕ್ಕೇ ಎಡಗಡೆ ನಾಲ್ಕು ಬೆರಳು ಕುಸಿದಿತ್ತು. ಈ ಸಲ ಕಾರು ತಂದವನು ಯಾವನೋ ಡ್ರೈವರು. ಕೀಲಿ ಕೊಟ್ಟು ಹೋದ. ಚಿಕ್ಕಪ್ಪ ಅಣ್ಣನ ಮಗನನ್ನೇ ಕೇಳಿದರು.

"ಮೇಷ್ಟ್ರು ಈಗ್ಲೂ ಎಡಗಡೆನೇ ಕೂರ್ತಾರೇನಪ್ಪ? ಸ್ವಲ್ಪನಾದ್ರೂ ಇಳಿದಿದ್ದಾರಾ?"

"ಇಳಿಯೋದೆಲ್ಲಿ ಬಂತು ಚಿಕ್ಕಪ್ಪ, ಇನ್ನೂ ಊದಿದ್ದಾರೆ. ಎಡಗಡೆನೇ. ನೀವು ನಿಮ್ಮ ಲೆಕ್ಕಕ್ಕೇ ಮಾಡಿ."

ಐದು ದಿನ ಹಿಡಿಯಿತು. ಪಟ್ಟಿಗಳನ್ನು ಬಿಚ್ಚಿ, ತುಕ್ಕು ಕೆರೆದು, ಒಂದೊಂದನ್ನೇ ಬಡಿದರು. ಸೋತ ಉಕ್ಕು ಮೊದಮೊದಲು ಮೊಂಡು ಹಿಡಿಯುತ್ತದೆ, ಆಮೇಲೆ ಮಾತು ಕೇಳುತ್ತದೆ ಅನ್ನುತ್ತಿದ್ದರು. ಎಡಗಡೆ ಕಮಾನಿಗೆ ಬೇಕೆಂದೇ ಒಂದು ಬೆರಳು ಹೆಚ್ಚು ಎತ್ತರ ಕೊಟ್ಟರು. ಎಲ್ಲ ಜೋಡಿಸಿ, ಮೇಷ್ಟ್ರು ಕೂರುವ ಜಾಗದಲ್ಲಿ ಎರಡು ಮರಳಿನ ಚೀಲ ಇಟ್ಟು, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದರು. ನೀರು ನಿಂತ ಹಾಗೆ ಸಮ. ಅವತ್ತು ಮನೆಗೆ ಹೋಗುವಾಗ ಸಿಳ್ಳೆ ಹಾಕಿದರಂತೆ, ಅರವತ್ತೆರಡರ ವಯಸ್ಸಿನಲ್ಲಿ.

ಮಾರನೇ ಬೆಳಿಗ್ಗೆ ಬಂದರೆ ಚೀಲಗಳು ಹೊರಗೆ ಬಿದ್ದಿವೆ. ಕಾರು ಮುಂದಿನ ಅಂಗಳದಲ್ಲಿ ನಿಂತಿದೆ. ಸುತ್ತ ಅಣ್ಣನ ಮಗ, ಅತ್ತಿಗೆ, ಗ್ಯಾರೇಜಿನವರೆಲ್ಲ, ಜತೆಗೆ ಸೂಟು ಹಾಕಿದ ಒಬ್ಬ ಹೋಟೆಲ್ ಮಾಲೀಕ. ಕಾರಿನ ಹಿಂಭಾಗ ಎಡಗಡೆ ಒಂದು ಬೆರಳು ಎತ್ತರ. ಒಂದು ಕಾಲು ಎತ್ತಿದ ನಾಯಿ ಹಾಗಿದೆ ಅಂದನೊಬ್ಬ ಹಿಂದಿನಿಂದ, ಎಲ್ಲ ನಕ್ಕರು.

ಮೇಷ್ಟ್ರು ಕೂತರೆ ಸರಿಹೋಗುತ್ತದೆ ಅಂತ ಚಿಕ್ಕಪ್ಪ ಸಮಾಧಾನವಾಗಿ ವಿವರಿಸಿದರು. ಹೋಟೆಲಿನವನು ಅಣ್ಣನ ಮಗನ ಮುಖ ನೋಡಿದ.

"ಮೇಷ್ಟ್ರು ಯಾಕೆ ಕೂರ್ತಾರೆ? ಅವರಿಂದ ನಾನು ಕಾರು ಕೊಂಡು ಎರಡು ತಿಂಗಳಾಯ್ತು. ಹೋಟೆಲ್ ಬಾಗಿಲಲ್ಲಿ ಅಂದಕ್ಕೆ ನಿಲ್ಸೋಕೆ, ಯಾರೂ ಹತ್ತಲ್ಲ ಅಂತ ನಿಮಗೆ ಹೇಳಿದ್ನಲ್ಲ."

ಅಣ್ಣನ ಮಗ ಟೈರಿಗೆ ಕಾಲಲ್ಲಿ ಮೆಲ್ಲಗೆ ಒದೆಯುತ್ತಾ ನಿಂತ. ಅರ್ಧ ದಿನ ಕೊಡಿ, ಆ ಒಂದು ಬೆರಳು ಇಳಿಸುತ್ತೇನೆ ಅಂದರು ಚಿಕ್ಕಪ್ಪ. ಬೇಡ, ಹೊಸ ಕಮಾನು ತರಿಸಿ ಇಟ್ಟಾಗಿದೆ ಅಂದ ಅವನು. ಡಬ್ಬಗಳು ಅಲ್ಲೇ ಗೋಡೆಗೆ ಒರಗಿದ್ದವು. ಅಂಥ ಕಮಾನು ತರಿಸಲು ಹದಿನೈದು ದಿನ ಬೇಕು ಅಂತ ಚಿಕ್ಕಪ್ಪನಿಗೆ ಗೊತ್ತು. ಅವರು ಬಡಿಯಲು ಶುರುಮಾಡಿ ಇನ್ನೂ ವಾರವೂ ಆಗಿರಲಿಲ್ಲ.

ಅತ್ತಿಗೆ ದೂರ ನಿಂತಿದ್ದರು. ಕಿವಿ ಸ್ವಲ್ಪ ಮಂದ, ಹೋಟೆಲಿನವನ ಮಾತು ಕೇಳಿಸಿರಲಿಲ್ಲ. ಹತ್ತಿರ ಬಂದು, ಏನಾಯ್ತು ಅಂತ ಮೈದುನನನ್ನೇ ಕೇಳಿದರು. ಹೇಳಿಬಿಡಬಹುದಿತ್ತು. ಆ ತಾಯಿ ಅವತ್ತೇ ಮಗನ ಕಾಲರ್ ಹಿಡಿಯುತ್ತಿದ್ದರು. ಆದರೆ ಸಂಜೆ ಅತ್ತಿಗೆ ಹೋಗಬೇಕಾದದ್ದು ಅದೇ ಮಗನ ಮನೆಗೆ, ಉಣ್ಣಬೇಕಾದದ್ದು ಅವನು ಹಾಕಿದ ಅನ್ನ. ಚಿಕ್ಕಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನಂದೇ ತಪ್ಪು ಅತ್ತಿಗೆ. ಅಳತೆ ತಪ್ಪಿದೆ."

ಸುಳ್ಳು ಹೇಳಿದವನು ನೆಟ್ಟಗೆ ನಡೆಯುತ್ತಾನೆ, ಅದನ್ನು ನುಂಗಿದವರು ತಲೆ ತಗ್ಗಿಸಿ ಓಡಾಡುತ್ತಾರೆ. ಅಡೆಗಲ್ಲನ್ನು ಅದೇ ವಾರ ನಾಲ್ಕು ಜನ ಎತ್ತಿ ಗುಜರಿಗೆ ಹಾಕಿದರು. ಅದಕ್ಕೂ ಚಿಕ್ಕಪ್ಪನೇ ಒಂದು ಕಡೆ ಹಿಡಿದರು.

ಈಗ ಶೆಡ್ಡಿನಲ್ಲಿ ನೊರೆ, ನೀರು, ಪೈಪು. ಚಿಕ್ಕಪ್ಪ ಬಟ್ಟೆ ಹಿಡಿದು ಗಾಜು ಒರೆಸುತ್ತಾರೆ. ಗಿರಾಕಿಗಳು ಕೇಳಿದರೆ, ಮನೇಲಿ ಹೊತ್ತು ಹೋಗಲ್ಲ ಅಂತ ಬರ್ತಾರೆ ಪಾಪ, ಅನ್ನುತ್ತಾನೆ ಅಣ್ಣನ ಮಗ.

ನಾನು ಈ ಮಾತೆಲ್ಲ ಅವರ ಬಾಯಿಂದ ಹೊರಡಿಸಲು ಏಳು ಸಲ ಹೋಗಬೇಕಾಯಿತು. ನೀವೂ ಹೋಗಿ. ಗ್ಯಾರೇಜಿನ ಮುಂಭಾಗದ ಆಫೀಸಿಗೆ ಹೋಗಬೇಡಿ, ಅಲ್ಲಿ ವಿಚಾರಿಸಿದರೆ ಒಳಗೆ ಬಿಡುವುದಿಲ್ಲ. ಪಕ್ಕದ ಓಣಿಯಿಂದ ಹೋದರೆ ಸಣ್ಣ ತಗಡಿನ ಬಾಗಿಲಿದೆ, ಮಧ್ಯಾಹ್ನ ಊಟದ ಹೊತ್ತಿಗೆ ಅವರೊಬ್ಬರೇ ಇರುತ್ತಾರೆ. ಮೊದಲ ಸಲ ಮಾತಾಡಲಿಕ್ಕಿಲ್ಲ, ಬಯ್ದರೂ ಬಯ್ಯಬಹುದು. ಆದರೂ ಹೋಗಿ, ಸುಮ್ಮನೆ ಪಕ್ಕದಲ್ಲಿ ಕೂತು ಬನ್ನಿ.