ಡಾಕ್ಟ್ರಮ್ಮನ ಕುಂಟೆಬಿಲ್ಲೆ

ಡಾಕ್ಟ್ರಮ್ಮನ ಬಲಗೈಯ ಎರಡು ಬೆರಳುಗಳು ಸದಾ ಬೆಳ್ಳಗೆ. ಸೀಮೆಸುಣ್ಣದ ಪುಡಿ ಉಗುರಿನ ಸಂದಿಯಲ್ಲೂ ಹೋಗಿ ಕೂತಿರುತ್ತಿತ್ತು. ಮೂಡುಬಿದಿರೆಯ ತಮ್ಮ ಕ್ಲಿನಿಕ್ಕಿನಲ್ಲಿ, ಔಷಧಿ ಚೀಟಿ ಬರೆಯುವ ಮೊದಲು, ಅವರು ಎದ್ದು ಬಂದು ಕೆಂಪು ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಗೀಚುತ್ತಿದ್ದರು. ಬಗ್ಗುವಾಗ ಎಡಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ ಕಿರ್ ಎನ್ನುತ್ತಿತ್ತು. ಮಗುವಾಗಿದ್ದಾಗ ಬಂದ ಪೋಲಿಯೊ ಆ ಕಾಲನ್ನು ಒಣಗಿಸಿತ್ತು. ಜೀವಮಾನದಲ್ಲಿ ಒಮ್ಮೆಯೂ ಕುಂಟೆಬಿಲ್ಲೆ ಆಡದ ಹೆಂಗಸು ಊರಿನ ಮಕ್ಕಳನ್ನೆಲ್ಲ ಒಂಟಿಕಾಲಿನಲ್ಲಿ ಕುಣಿಸುತ್ತಿದ್ದರು.

ಜ್ವರ ಬಿಟ್ಟ ಮಗು ಆ ಮನೆಗಳನ್ನು ದಾಟದೆ ಕ್ಲಿನಿಕ್ಕಿನ ಬಾಗಿಲು ದಾಟುವಂತಿರಲಿಲ್ಲ. "ಜ್ವರ ಹೋಗ್ತದೆ. ಹೋಗುವಾಗ ಏನು ತಗೊಂಡು ಹೋಯ್ತು ಅಂತ ನೋಡ್ಬೇಕಲ್ಲ" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಅಲ್ಲಿ ಕುಂಟಿದವಳೇ. ಬೆಳ್ತಂಗಡಿ ಕಡೆಯಿಂದ ಬಸ್ಸು ಬದಲಿಸಿ ಬಂದ ತಾಯಂದಿರು, ಇವರಿಗೆ ಮದ್ದಿಗಿಂತ ಆಟವೇ ಹೆಚ್ಚು ಎಂದು ಗೊಣಗುತ್ತಿದ್ದರು. ದೊಡ್ಡವಳಾದ ಮೇಲೆ ನಾನೂ ಅದೇ ಗುಂಪಿಗೆ ಸೇರಿದೆ. ನಾಲಗೆ ಉದ್ದ ನನಗೆ.

ಕೆಲವು ಮಳೆಗಾಲಗಳ ಹಿಂದೆ ನಮ್ಮ ವೇಣೂರಿನಲ್ಲಿ ಮನೆಮನೆಗೂ ವೈರಲ್ ಜ್ವರ. ಎಂಟು ವರ್ಷದ ನನ್ನ ಮಗಳಿಗೂ ಬಂತು, ಹೋಯಿತು. ಆಮೇಲೆ ಕಾಲು ಜುಂ ಎನ್ನುತ್ತದೆ ಎಂದಳು. ಅತ್ತೆ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿದರು, ಗಂಜಿಗೆ ತುಪ್ಪ ಹೆಚ್ಚು ಹಾಕಿದರು. ಜ್ವರದ ನಿಶ್ಶಕ್ತಿ ಎಂದು ನಾವೇ ತೀರ್ಮಾನಿಸಿಯಾಗಿತ್ತು. ಶಾಲೆಯವರು ಡಾಕ್ಟರ ಸರ್ಟಿಫಿಕೇಟ್ ಕೇಳಿದರೆಂಬ ಒಂದೇ ಕಾರಣಕ್ಕೆ ಅವಳನ್ನು ಮೂಡುಬಿದಿರೆಗೆ ಕರೆದೊಯ್ದೆ. ನನ್ನ ಹೊಲಿಗೆ ಅಂಗಡಿಯಲ್ಲಿ ಮದುವೆಯ ರವಕೆಗಳು ರಾಶಿ ಬಿದ್ದಿದ್ದವು, ಬೇಗ ಹಿಂದಿರುಗಬೇಕಿತ್ತು.

ಮಗಳು ಮೂರನೆಯ ಮನೆಯಲ್ಲಿ, ಮಡಚಿದ್ದ ಕಾಲನ್ನು ಊರಿಬಿಟ್ಟಳು. ಮೊದಲಿನಿಂದ ಕುಂಟಿಕೊಂಡು ಬಂದಳು, ಮತ್ತೆ ಅಲ್ಲೇ ಊರಿದಳು. ಅವಳಿಗೇ ನಗು ಬಂತು. ನಾನೂ ನಕ್ಕೆ.

ಡಾಕ್ಟ್ರಮ್ಮ ನಗಲಿಲ್ಲ. ಅವಳನ್ನು ಮೇಜಿನ ಮೇಲೆ ಕೂರಿಸಿ, ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಚಿಮ್ಮಬೇಕಿತ್ತು, ಚಿಮ್ಮಲಿಲ್ಲ. ಇನ್ನೊಂದು ಕಾಲಿಗೂ ತಟ್ಟಿದರು. ಅದೂ ಜೋತುಬಿದ್ದ ಹಾಗೆಯೇ ಇತ್ತು. ಹೊರಗೆ ಕಂಡಕ್ಟರ್ ಒಬ್ಬ ಊರುಗಳ ಹೆಸರು ಕೂಗುತ್ತಿದ್ದ.

"ಈಗಲೇ ಮಂಗಳೂರಿಗೆ ಹೋಗುವ. ನಾನೂ ಬರ್ತೇನೆ."

"ಬಟ್ಟೆಬರೆ ಏನೂ ತರ್ಲಿಲ್ಲ ಡಾಕ್ಟ್ರಮ್ಮ. ಒಮ್ಮೆ ಮನೆಗೆ ಹೋಗಿ..."

"ಬಟ್ಟೆ ಆಮೇಲೆ ಬರ್ತದೆ ಮಾರಾಯ್ತಿ. ಉಸಿರಿಗೆ ತೊಂದರೆ ಆಗುವ ಮೊದಲು ನಾವು ಅಲ್ಲಿರಬೇಕು."

ಸಂಜೆಗೆ ಮಗಳಿಗೆ ನಿಲ್ಲಲಾಗಲಿಲ್ಲ. ಮರುದಿನ ಬೆಳಿಗ್ಗೆ ಲೋಟ ಹಿಡಿಯಲಾಗಲಿಲ್ಲ, ಮಧ್ಯಾಹ್ನ ನುಂಗಲಾಗಲಿಲ್ಲ. ಉಸಿರಿಗೆ ಯಂತ್ರ ಹಚ್ಚಿದರು. ವೈರಸ್ಸಿನ ವಿರುದ್ಧ ಹೋರಾಡಬೇಕಾದ ಶಕ್ತಿಯೇ ಅವಳ ನರಗಳ ಮೇಲೆ ತಿರುಗಿಬಿದ್ದಿದೆ ಎಂದರು ಆಸ್ಪತ್ರೆಯವರು. ಮನೆಯಲ್ಲಿ ಎಣ್ಣೆ ತಿಕ್ಕುತ್ತ ಕೂತಿದ್ದರೆ ಅವಳು ಆ ಯಂತ್ರದವರೆಗೂ ತಲುಪುತ್ತಿರಲಿಲ್ಲ.

ಮದ್ದು ಏರಿಸಿದರು. ಜೀವ ಉಳಿಯಿತು. ನಡೆಯುತ್ತಾಳೋ ಇಲ್ಲವೋ ಎಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅವಳ ರಕ್ತವನ್ನು ದೂರದ ಯಾವುದೋ ಲ್ಯಾಬಿಗೆ ಕಳಿಸಿದ್ದರು. ಭಾನುವಾರ ಬಸ್ಸಿನಲ್ಲಿ ನೋಡಲು ಬಂದ ಡಾಕ್ಟ್ರಮ್ಮ ಅದೇನೆಂದು ನನಗೆ ತಿಳಿಯುವಂತೆ ಹೇಳಿದರು.

"ನಿನ್ನ ಅಂಗಡಿಯ ನೆಲ ನೋಡಿದ್ರೆ ಎಷ್ಟು ಬಟ್ಟೆ ಕತ್ತರಿಸಿದ್ದಿ ಅಂತ ಗೊತ್ತಾಗ್ತದಲ್ಲ? ಹಾಗೇ. ನರ ಹಾಳಾದ್ರೆ ಅದರ ಪ್ರೋಟೀನಿನ ಚೂರು ರಕ್ತಕ್ಕೆ ಬೀಳ್ತದೆ. ಚೂರು ಎಷ್ಟುಂಟು ನೋಡಿದ್ರೆ ಒಳಗೆ ಎಷ್ಟು ಹಾಳಾಗ್ತಾ ಉಂಟು ಅಂತ ಅಂದಾಜು ಸಿಗ್ತದೆ."

"ಇವಳದ್ದು ಎಷ್ಟುಂಟು?"

"ತುಂಬ ಉಂಟು."

ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು. ಅದು ಅವರಿಗೆ ತಿಳಿಯಿತು. ಕಾಲಿನ ಪಟ್ಟಿ ಸಡಿಲಿಸಿಕೊಂಡು ಹೇಳಿದರು: "ನನ್ನ ಕಾಲದಲ್ಲಿ ಹೀಗೆ ನೋಡ್ಲಿಕ್ಕೆ ಇರ್ಲಿಲ್ಲ. ನಾಳೆ ನಡೀತಾಳೆ, ನಾಡಿದ್ದು ನಡೀತಾಳೆ ಅಂತ ಎಲ್ಲರೂ ನನ್ನ ಅಮ್ಮನಿಗೆ ಹೇಳಿದ್ರು. ಅಮ್ಮ ಸಾಯುವವರೆಗೆ ಕಾದ್ರು."

ತಿಂಗಳುಗಳು ಕಳೆದ ಮೇಲೆ ಮತ್ತೆ ರಕ್ತ ಕಳಿಸಿದೆವು. "ಇಳಿದುಂಟು" ಎಂದರು ಡಾಕ್ಟ್ರಮ್ಮ. ನಾನು ಕೈ ಮುಗಿಯಹೋದೆ. ತಡೆದರು. "ಹೊಸತಾಗಿ ಹಾಳಾಗುವುದು ಕಡಿಮೆಯಾಗಿದೆ ಅಂತ ಅಷ್ಟೇ. ಹೋದದ್ದೆಲ್ಲ ವಾಪಸು ಬರ್ತದೆ ಅಂತ ಅಲ್ಲ." ಹಾಗೆಯೇ ಆಯಿತು. ಮಗಳು ಈಗ ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ. ಬಲಗಾಲಿನ ಪಾದ ಎತ್ತಲು ಶೂಸಿನೊಳಗೆ ಪ್ಲಾಸ್ಟಿಕ್ಕಿನ ಆಸರೆ ಬೇಕು. ಆ ಕಾಲಿನಲ್ಲಿ ಕುಂಟಲು ಇವತ್ತಿಗೂ ಬರುವುದಿಲ್ಲ.

ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಡಾಕ್ಟ್ರಮ್ಮ ಹೃದಯಾಘಾತದಿಂದ ತೀರಿಕೊಂಡರು. ಮಗಳೂ ನಾನೂ ಹೋಗಿದ್ದೆವು. ಯಾರೋ ಅವರ ಕೈಯನ್ನು ಚೆನ್ನಾಗಿ ತೊಳೆದಿದ್ದರು. ಆ ಸ್ವಚ್ಛವಾದ ಬೆರಳುಗಳನ್ನು ನೋಡಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಈ ಮಳೆಗಾಲ ಮತ್ತೆ ಜ್ವರ ಬಂದಿದೆ. ಕ್ಲಿನಿಕ್ಕಿಗೆ ಬೀಗ. ನನ್ನ ಅಂಗಡಿಯ ಜಗಲಿಯಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮಗಳು ಮನೆಗಳನ್ನು ಗೀಚಿದ್ದಾಳೆ. ಜ್ವರ ಬಿಟ್ಟ ಮಕ್ಕಳು ಯಾರೇ ಬಂದರೂ ಬಿಡುವುದಿಲ್ಲ. ನಿನ್ನೆ, ಹೋದ ವಾರವಷ್ಟೇ ಜ್ವರದಿಂದ ಎದ್ದಿದ್ದ ಪಕ್ಕದ ಮನೆಯ ಹುಡುಗಿ ಯೂನಿಫಾರ್ಮ್ ಒಯ್ಯಲು ತಾಯಿಯ ಜೊತೆ ಬಂದಿದ್ದಳು. ಮಗಳು ಕುಂಟಿಸಿದಳು. ಎರಡನೆಯ ಮನೆಯಲ್ಲೇ ಹುಡುಗಿ ಕಾಲು ಊರಿದಳು. ಮತ್ತೊಮ್ಮೆ ಕುಂಟಿದಾಗಲೂ ಅಲ್ಲೇ. ಅವಳೂ ನಕ್ಕಳು, ತಾಯಿಯೂ ನಕ್ಕಳು.

ಮಗಳು ನನ್ನ ಮುಖ ನೋಡಿದಳು. ನಾನು ಕತ್ತರಿ ಕೆಳಗಿಟ್ಟು ರಸ್ತೆಗಿಳಿದು ರಿಕ್ಷಾಕ್ಕೆ ಕೈ ತೋರಿಸಿದೆ.

"ಎಲ್ಲಿಗೆ ಅಕ್ಕ? ಯೂನಿಫಾರ್ಮಿಗೆ ಗುಂಡಿ ಹಾಕ್ಲಿಕ್ಕೆ ಬಾಕಿ ಉಂಟಲ್ಲ?" ಎಂದಳು ತಾಯಿ.

"ಬಟ್ಟೆ ಆಮೇಲೆ ಬರ್ತದೆ ಮಾರಾಯ್ತಿ" ಎಂದೆ. "ಮಗುವನ್ನು ಎತ್ತಿಕೋ, ಹೋಗುವ."