ಅರ್ಪಿತಳ ಹೆಸರಿನಲ್ಲಿ

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ ರಂಜಿನಿ ಅರ್ಜಿ ಟೈಪು ಮಾಡಿಕೊಡುತ್ತಿದ್ದಳು. 2008ರ ಮಾತು, ಊರ ಯುವಕರಿಗೆಲ್ಲ ಆರ್ಕುಟ್ ಎಂಬ ಜಾಲತಾಣದ ಹುಚ್ಚು ಹಿಡಿದಿತ್ತು. ಧರ್ಮ ಉಳಿಸುತ್ತೇವೆ ಎನ್ನುವ ಒಂದು ಸಂಘಟನೆಯ ರಾಜೇಂದ್ರ ಕರಪತ್ರ ಟೈಪು ಮಾಡಿಸಲು ಬಂದ. ಅವಳು ತಿದ್ದಿಕೊಟ್ಟದ್ದನ್ನು ಓದಿ, "ಎಷ್ಟ್ ಚೆನ್ನಾಗಿ ಬರೀತೀಯಮ್ಮ! ಇಲ್ಲಿ ಕೂತು ಕೊಳೀತಿದೀಯಲ್ಲ" ಎಂದ. ಹಾಗೆ ಅವಳನ್ನು ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ.

ಅವನು ಹೇಳಿದಂತೆ ರಂಜಿನಿ ಆರ್ಕುಟ್‌ನಲ್ಲಿ 'ಅರ್ಪಿತ' ಆದಳು. ಕೆಲಸವಿಲ್ಲದೆ ಕೂತ ಯುವಕರನ್ನು ಹುಡುಕಿ, ಊಟ ಆಯ್ತಾ ಎಂದು ಮಾತಾಡಿಸುತ್ತಿದ್ದಳು. ಸಲಿಗೆ ಬೆಳೆದ ಮೇಲೆ ಎಲ್ಲೋ ನಡೆದ ಹೊಡೆದಾಟದ ಫೋಟೊಗಳನ್ನು ನಮ್ಮ ಪಕ್ಕದೂರಿನದೆಂದು ಕಳಿಸಿ, ರಾಜೇಂದ್ರನ ಸಭೆಗೆ ಕರೆಯುತ್ತಿದ್ದಳು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಫೋಟೊಗಳ ಕೆಳಗೆ ಊರಿನ ಹೆಸರು ಬರೆಯುತ್ತಿದ್ದವಳೇ ಅವಳು.

ತಾಂಡವಪುರದ ನಂಜೇಶ್‌ಗೆ ಫ್ಯಾಕ್ಟರಿ ಕೆಲಸ ಹೋಗಿತ್ತು. "ಅವ್ವನಿಗೂ ಹೇಳಿಲ್ಲ, ನಿಮಗೊಬ್ಬರಿಗೇ ಹೇಳ್ತಿದೀನಿ" ಎಂದು ನಂಜನಗೂಡಿನ ಸೈಬರೊಂದರಿಂದ ಬರೆದ. ಜಗಳವೆಂದರೆ ಅವನಿಗಾಗದು. ಸಭೆಗೆ ಹಿಂಜರಿದಾಗ ರಂಜಿನಿ ಬರೆದಳು: "ಗಂಡಸಾದರೆ ಹೋಗಿ. ಆಮೇಲೆ ಭೇಟಿಯಾಗೋಣ."

ಹೋದ. ಮೂರು ತಿಂಗಳಿಗೆ ಅವರ ಗುಂಪು ಬೇರೆ ಧರ್ಮದ ಒಬ್ಬ ಬಳೆ ವ್ಯಾಪಾರಿಯ ಅಂಗಡಿಗೆ ಬೆಂಕಿ ಹಾಕಿತು. ಸರಕು ಉಳಿಸಲು ಹೋದ ವ್ಯಾಪಾರಿಯ ಎರಡೂ ಕೈ ಸುಟ್ಟವು. ರಾಜೇಂದ್ರ ತಲೆಮರೆಸಿಕೊಂಡ, ನಂಜೇಶ್ ಜೈಲು ಸೇರಿದ.

ಅರ್ಪಿತ ನರಸೀಪುರದ ಸೈಬರೊಂದರಿಂದ ಬರೆಯುತ್ತಾಳೆಂದಷ್ಟೇ ಮಗನಿಂದ ತಿಳಿದು, ಅವನ ತಾಯಿ ಪುಟ್ಟಬಸಮ್ಮ ಅಲ್ಲಿನ ಸೈಬರ್‌ಗಳನ್ನೆಲ್ಲ ಸುತ್ತಿ ರಂಜಿನಿಯ ಬಳಿಗೂ ಬಂದರು. "ಅರ್ಪಿತ ಅನ್ನೋ ಉಡುಗಿ ಗೊತ್ತೇನವ್ವಾ? ನನ್ ಮಗ ಪೊಲೀಸ್ನೋರಿಗೆ ಅವಳ ಎಸ್ರು ಏಳಿಲ್ವಂತೆ. ಅವಳಿಗೇನೂ ತೊಂದ್ರೆ ಆಗ್ದಂಗೆ ನೋಡ್ಕೊ ಅಂತ ಏಳಿ ಕಳುಸ್ದ."

"ಗೊತ್ತಿಲ್ಲಮ್ಮ" ಎಂದಳು ರಂಜಿನಿ. ಆಕೆ ಮೆಟ್ಟಿಲಿಳಿದು ಹೋಗುವವರೆಗೂ ತಲೆಯೆತ್ತಲಿಲ್ಲ.

ಮೂರನೆಯ ದಿನ ತಾನು ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ತಾಂಡವಪುರದ ಬಸ್ಸು ಹತ್ತಿದಳು. ಜಗುಲಿಯ ಮೇಲೆ ಕಾಗದಗಳನ್ನಿಟ್ಟು, "ಅರ್ಪಿತ ಅನ್ನೋಳು ಯಾರೂ ಇಲ್ಲಮ್ಮ. ಬರೆದೋಳು ನಾನೇ" ಎಂದಳು.

ಪುಟ್ಟಬಸಮ್ಮನಿಗೆ ಓದು ಬಾರದು. ಕಾಗದಗಳನ್ನು ಅವಳ ಕಡೆಗೇ ತಳ್ಳಿ, "ಓದು" ಎಂದರು.

ರಂಜಿನಿ ಓದಿದಳು. 'ಗಂಡಸಾದರೆ' ಎಂಬಲ್ಲಿ ನಿಲ್ಲಿಸಿದಳು.

"ಯಾಕ್ ನಿಲ್ಲುಸ್ದೆ? ಅವನ್ ಓದ್ನಲ್ಲ, ನೀನೂ ಓದು."

ಕೊನೆಯ ಹಾಳೆಯವರೆಗೂ ಓದಿಸಿ, ಆಕೆ ಸೆರಗು ಕೊಡವಿಕೊಂಡು ಎದ್ದರು. "ನಡಿ, ಟೇಸನ್‌ಗೆ."

ಆ ಹಾಳೆಗಳ ಜಾಡು ಹಿಡಿದು ಪೊಲೀಸರು ರಾಜೇಂದ್ರನನ್ನು ಹಿಡಿದರು. ಕೋರ್ಟಿನಲ್ಲಿ ಅರ್ಪಿತ ಯಾರೆಂದು ವಕೀಲರು ಕೇಳಿದಾಗ ರಂಜಿನಿ "ನಾನೇ ಸಾರ್" ಎಂದಳು. ಮೊದಲ ಸಾಲಿನಲ್ಲಿ ಬಳೆ ವ್ಯಾಪಾರಿ ಸೊಟ್ಟಗಾದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಟಕಟೆಯಲ್ಲಿದ್ದ ನಂಜೇಶ್ ರಂಜಿನಿಯ ಮುಖವನ್ನು ಮೊದಲ ಸಲ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡವನು ಅವಳ ಸಾಕ್ಷಿ ಮುಗಿಯುವವರೆಗೂ ಇತ್ತ ತಿರುಗಲಿಲ್ಲ.